ಯಂತ್ರವನ್ನು ಎಬ್ಬಿಸದೆ ಕಡತ ತೆಗೆಯುವ ಬಗೆ: ಡಿಸ್ಕ್ ಇಮೇಜ್ ಮತ್ತು ಗೆಸ್ಟ್‌ಫಿಶ್



ಹೊರನಾಡಿನ ಕನ್ನಡ ಸಂಘದ ಕಚೇರಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೀರುವಿನ ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಸದಸ್ಯರ ಪಟ್ಟಿ, ನಾಟಕದ ಹಸ್ತಪ್ರತಿ, ರಾಜ್ಯೋತ್ಸವದ ಸ್ಮರಣ ಸಂಚಿಕೆಗಳು ಎಲ್ಲವನ್ನೂ ಯಾರೋ ಪುಣ್ಯಾತ್ಮರು ನುಡಿಯಲ್ಲೋ ಬರಹದಲ್ಲೋ ಕೂತು ಟೈಪ್ ಮಾಡಿಟ್ಟಿದ್ದರು. ಕಂಪ್ಯೂಟರ್ ಗುಜರಿಗೆ ಹೋಗುವ ಮುನ್ನ ವಿಷಯ ತಿಳಿದ ಹುಡುಗನೊಬ್ಬ ಅದರ ಹಾರ್ಡ್ ಡಿಸ್ಕನ್ನು ಇಡಿಯಾಗಿ ಒಂದೇ ಕಡತವಾಗಿ ನಕಲು ಮಾಡಿಕೊಟ್ಟ. 40 ಜಿಬಿಯ ಒಂದೇ ಒಂದು ಕಡತ! ಈಗ ಸಂಘದ ಬೆಳ್ಳಿಹಬ್ಬಕ್ಕೆ ಹಳೆಯ ಲೇಖನಗಳು ಬೇಕು. ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಏನೂ ತೆರೆಯುವುದಿಲ್ಲ. ಏನು ಮಾಡುವುದು?

ಇಂಥ ಕಡತಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರೆ. ಇದರ ಒಳಹೊಕ್ಕು ಬೇಕಾದ್ದನ್ನು ಹುಷಾರಾಗಿ ತೆಗೆದುಕೊಂಡು ಹೊರಬರುವ ವಿದ್ಯೆಯೇ ಈ ಸಲದ ವಿಷಯ. ಹೈದರಾಬಾದ್, ಪುಣೆ, ಚೆನ್ನೈಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸರ್ವರ್ ನೋಡಿಕೊಳ್ಳುವ ಮಿತ್ರರಿಗೆ ಇದು ದಿನನಿತ್ಯದ ಮಾತು. ಆದರೂ ಅವರಲ್ಲಿ ಎಷ್ಟೋ ಮಂದಿ ಈ ಕೆಲಸಕ್ಕೆ ಸುತ್ತುದಾರಿ ಹಿಡಿಯುವುದುಂಟು.

ಮೊದಲು ಬೇರು ಎಲ್ಲಿದೆ ನೋಡೋಣ. ಒಂದು ಕಂಪ್ಯೂಟರ್ ಒಳಗೆ ತಂತ್ರಾಂಶದ ಬಲದಿಂದ ಇನ್ನೊಂದು ಕಂಪ್ಯೂಟರ್ ಇದೆಯೆಂಬಂತೆ ನಡೆಸುವುದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಮುಂಬೈ, ಪುಣೆಯ ಮಿತ್ರರಿಗೆ ಪೇಯಿಂಗ್ ಗೆಸ್ಟ್ ಪದ್ಧತಿಯನ್ನು ವಿವರಿಸಬೇಕಿಲ್ಲವಷ್ಟೆ? ಇಲ್ಲೂ ಹಾಗೆಯೇ. ಮನೆ ಯಾರದೋ ಅದು ಹೋಸ್ಟ್, ಅಂದರೆ ಆತಿಥೇಯ. ಒಳಗೆ ಬಂದು ಇರುವುದು ಗೆಸ್ಟ್, ಅಂದರೆ ಅತಿಥಿ. ಈ ಅತಿಥಿಗೆ ನಿಜವಾದ ಹಾರ್ಡ್ ಡಿಸ್ಕ್ ಇರುವುದಿಲ್ಲ. ಆತಿಥೇಯನ ಡಿಸ್ಕಿನಲ್ಲಿರುವ ಒಂದು ದೊಡ್ಡ ಕಡತವನ್ನೇ ಅದು ತನ್ನ ಹಾರ್ಡ್ ಡಿಸ್ಕ್ ಎಂದು ನಂಬಿಕೊಂಡಿರುತ್ತದೆ. ಅದರ ವಿಂಡೋಸ್, ಲಿನಕ್ಸ್, ಕಾಗದಪತ್ರ, ಫೋಟೋ ಎಲ್ಲವೂ ಆ ಒಂದು ಕಡತದೊಳಗೆ.

ಈ ಕಲ್ಪನೆ ಹೊಸದೇನಲ್ಲ. ಐಬಿಎಂನ ದೊಡ್ಡ ಯಂತ್ರಗಳಲ್ಲಿ 1960ರ ದಶಕದಲ್ಲೇ ಇತ್ತು. ಸಾಮಾನ್ಯ ಪಿಸಿಗಳಿಗೆ ಇದನ್ನು ತಂದು ಹೆಸರು ಮಾಡಿದ ವಿಎಂವೇರ್ ಕಂಪನಿ ಹುಟ್ಟಿದ್ದು 1998ರಲ್ಲಿ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಕ್ಯೂಎಮು ಎಂಬ ಮುಕ್ತ ತಂತ್ರಾಂಶವನ್ನು ಹೊರತಂದರು. 2007ರಲ್ಲಿ ಲಿನಕ್ಸಿನ ತಿರುಳಿಗೇ ಕೆವಿಎಂ ಸೇರಿಕೊಂಡಿತು. ಇಂದು ಲಿನಕ್ಸ್ ಸರ್ವರುಗಳಲ್ಲಿ ಬಹುಪಾಲು ಕಾಣುವುದು ಈ ಕೆವಿಎಂ, ಕ್ಯೂಎಮು ಜೋಡಿಯೇ.

ಡಿಸ್ಕ್ ಇಮೇಜುಗಳಲ್ಲೂ ಜಾತಿಗಳಿವೆ. ನಿಜವಾದ ಡಿಸ್ಕಿನಲ್ಲಿ ಇದ್ದದ್ದು ಇದ್ದ ಹಾಗೆ, ಬಿಟ್‌ಗೆ ಬಿಟ್ ಇದ್ದರೆ ಅದು ರಾ, ಅಂದರೆ ಹಸಿ. ಕ್ಯೂಎಮುವಿನ ಸ್ವಂತ ಜಾತಿ ಕ್ಯೂಕೌ2. ವಿಎಂವೇರಿನದು ವಿಎಂಡಿಕೆ, ವರ್ಚುವಲ್ ಬಾಕ್ಸಿನದು ವಿಡಿಐ, ಮೈಕ್ರೋಸಾಫ್ಟಿನದು ವಿಎಚ್‌ಡಿ ಮತ್ತು ವಿಎಚ್‌ಡಿಎಕ್ಸ್. ಸಂಘದ ಹುಡುಗ ಮಾಡಿಕೊಟ್ಟದ್ದು ಹಸಿ ನಕಲು. ಅಸಲಿ ಯಂತ್ರದಿಂದ ಬಂದದ್ದಾದರೂ ವರ್ಚುವಲ್ ಮಷೀನಿನ ಡಿಸ್ಕಿಗೂ ಅದಕ್ಕೂ ವ್ಯತ್ಯಾಸವಿಲ್ಲ, ಉಪಕರಣಗಳೂ ಅವೇ.

ಈ ಜಾತಿಗಳನ್ನು ಗುರುತಿಸುವ, ಒಂದನ್ನು ಇನ್ನೊಂದಾಗಿ ಮಾಡುವ ಕೆಲಸಕ್ಕೆ ಕ್ಯೂಎಮು-ಇಮ್ಗ್ ಎಂಬ ಆದೇಶವಿದೆ. ಮುಂದೆ ಹೋಗುವ ಮುನ್ನ ಒಂದು ಮಾತು. ಆದೇಶಗಳನ್ನು ಇಲ್ಲಿ ಬಾನುಲಿಯಲ್ಲಿ ಓದಿ ಹೇಳಿದಂತೆ ಕನ್ನಡದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ. ಕ್ಯೂಎಮು-ಇಮ್ಗ್ ಎಂದರೆ ಕ್ಯೂ ಇ ಎಂ ಯು, ನಡುವೆ ಒಂದು ಅಡ್ಡಗೆರೆ, ಆಮೇಲೆ ಐ ಎಂ ಜಿ.

ಲಿನಕ್ಸಿನ ಟರ್ಮಿನಲ್ ತೆರೆದು ಹೀಗೆ ಕೇಳಿ:

ಕ್ಯೂಎಮು-ಇಮ್ಗ್ ಇನ್ಫೋ ಸಂಘ.ಇಮ್ಗ್

ಉತ್ತರದಲ್ಲಿ ಇಮೇಜಿನ ಜಾತಿ ಯಾವುದು, ಅತಿಥಿಗೆ ಕಾಣುವ ಗಾತ್ರವೆಷ್ಟು, ನಿಮ್ಮ ಡಿಸ್ಕಿನಲ್ಲಿ ನಿಜಕ್ಕೂ ಹಿಡಿದಿರುವ ಜಾಗವೆಷ್ಟು ಎಂದು ಬರುತ್ತದೆ. ಕೊನೆಯ ಎರಡು ಅಂಕಿಗಳು ಬೇರೆ ಬೇರೆಯಾಗಿದ್ದರೆ ಗಾಬರಿ ಬೇಡ. 20 ಜಿಬಿಯ ಹೊಸ ಕ್ಯೂಕೌ2 ಡಿಸ್ಕನ್ನು ಸೃಷ್ಟಿಸಿ ನೋಡಿ, ಹುಟ್ಟಿದಾಗ ಅದು ಹಿಡಿಯುವುದು ಸುಮಾರು 200 ಕೆಬಿ ಮಾತ್ರ. ಅತಿಥಿ ಬರೆದಂತೆಲ್ಲ ಅದು ಬೆಳೆಯುತ್ತದೆ. ಇದರಲ್ಲೊಂದು ಅಪಾಯವೂ ಇದೆ. 100 ಜಿಬಿಯ ಆತಿಥೇಯನಲ್ಲಿ 40 ಜಿಬಿಯ ಐದು ಅತಿಥಿಗಳನ್ನು ಕೂರಿಸಲು ಯಾರೂ ಅಡ್ಡ ಬರುವುದಿಲ್ಲ. ಐವರೂ ಹೊಟ್ಟೆ ತುಂಬ ಉಣ್ಣಲು ಕೂತ ದಿನ ಆತಿಥೇಯನ ಜಾಗ ಮುಗಿದು ಎಲ್ಲರೂ ಒಟ್ಟಿಗೆ ನಿಂತುಬಿಡುತ್ತಾರೆ.

ಇನ್ನೊಂದು ಕಿವಿಮಾತು. ಈ ದೊಡ್ಡ ಕಡತವನ್ನು ಪೆನ್ ಡ್ರೈವಿಗೆ ಹಾಕಲು ಹೋಗಿ ಎಷ್ಟೋ ಜನ ಸೋಲುತ್ತಾರೆ. ಪೆನ್ ಡ್ರೈವ್ ಫ್ಯಾಟ್32 ಆಗಿದ್ದರೆ ಅದರಲ್ಲಿ ಒಂದೊಂದು ಕಡತವೂ 4 ಜಿಬಿಗಿಂತ ಸ್ವಲ್ಪ ಕಡಿಮೆಯೇ ಇರಬೇಕು. ಜಾಗ ಎಷ್ಟೇ ಖಾಲಿ ಇದ್ದರೂ ಈ ನಿಯಮ ತಪ್ಪದು.

ಸರಿ, ಈಗ ಒಳಗೆ ಹೋಗುವ ಮಾತು. ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ ಈ ಇಮೇಜನ್ನು ವರ್ಚುವಲ್ ಮಷೀನಿಗೆ ಸಿಕ್ಕಿಸಿ ವಿಂಡೋಸನ್ನೇ ಎಬ್ಬಿಸುವುದು. ನಮ್ಮ ಮಟ್ಟಿಗೆ ಇದು ಕೊನೆಯ ಉಪಾಯವಾಗಬೇಕು. ಕಾರಣಗಳು ಒಂದೆರಡಲ್ಲ. ಅಸಲಿ ಯಂತ್ರದಲ್ಲಿ ಬೆಳೆದ ಎಕ್ಸ್‌ಪಿಗೆ ವರ್ಚುವಲ್ ಮಷೀನಿನ ಡಿಸ್ಕ್ ನಿಯಂತ್ರಕ ಅಪರಿಚಿತ. ಎಷ್ಟೋ ಸಲ 7ಬಿ ಎಂಬ ಸಂಖ್ಯೆಯ ನೀಲಿ ತೆರೆ ತೋರಿಸಿ ನಿಂತುಬಿಡುತ್ತದೆ. ಎದ್ದರೂ ಸುಮ್ಮನಿರುವುದಿಲ್ಲ. ದಾಖಲೆಗಳಲ್ಲಿ ಏನೇನೋ ಬರೆಯುತ್ತದೆ, ಡಿಸ್ಕ್ ಕೆಟ್ಟಿದೆ ಎಂದುಕೊಂಡು ತಾನೇ ರಿಪೇರಿಗೆ ಇಳಿಯುತ್ತದೆ. ನಿಮ್ಮ ಬಳಿ ಇರುವುದು ಒಂದೇ ಪ್ರತಿಯಾದರೆ ಆ ರಿಪೇರಿಯಲ್ಲಿ ಹೋದದ್ದು ಹೋದಂತೆಯೇ. ಸಾಲದ್ದಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅಂಥ ಯಂತ್ರವನ್ನು ಎಬ್ಬಿಸಿ ಅಂತರಜಾಲಕ್ಕೆ ಜೋಡಿಸುವುದು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಎರಡನೆಯ ಉಪಾಯ ಲಿನಕ್ಸಿನ ಮೌಂಟ್ ಆದೇಶ. ಇಮೇಜನ್ನು ನೇರವಾಗಿ ಆತಿಥೇಯನ ಕಡತ ವ್ಯವಸ್ಥೆಗೆ ಜೋಡಿಸುವುದು. ಇದಕ್ಕೆ ರೂಟ್ ಅಧಿಕಾರ ಬೇಕು, ಪಾರ್ಟಿಷನ್ ಎಲ್ಲಿ ಶುರುವಾಗುತ್ತದೆಂದು ಲೆಕ್ಕ ಹಾಕಬೇಕು, ಕ್ಯೂಕೌ2 ಆದರೆ ಇದು ನೇರವಾಗಿ ನಡೆಯುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಎಲ್ಲಿಂದಲೋ ಬಂದ ಇಮೇಜಿನೊಳಗಿನ ಕೆಟ್ಟ ಅಥವಾ ಕಿಡಿಗೇಡಿ ಕಡತ ವ್ಯವಸ್ಥೆಯನ್ನು ನಿಮ್ಮ ಯಂತ್ರದ ತಿರುಳೇ ನೇರವಾಗಿ ಓದಬೇಕಾಗುತ್ತದೆ. ಅದು ಎಡವಿದರೆ ನಿಮ್ಮ ಯಂತ್ರವೇ ಎಡವಿದಂತೆ.

ಮೂರನೆಯದೇ ಗೆಸ್ಟ್‌ಫಿಶ್. ರೆಡ್ ಹ್ಯಾಟ್ ಕಂಪನಿಯ ರಿಚರ್ಡ್ ಜೋನ್ಸ್ 2009ರಲ್ಲಿ ಶುರು ಮಾಡಿದ ಲಿಬ್‌ಗೆಸ್ಟ್‌ಎಫ್ಎಸ್ ಎಂಬ ಮುಕ್ತ ತಂತ್ರಾಂಶದ ಭಾಗವಿದು. ಗೆಸ್ಟ್, ಫೈಲ್‌ಸಿಸ್ಟಮ್, ಶೆಲ್ ಎಂಬ ಮೂರು ಪದಗಳನ್ನು ಕೂಡಿಸಿ ಮೊಟಕು ಮಾಡಿದಾಗ ಮೀನು ಸಿಕ್ಕಿದೆ! ಇದನ್ನು ತೆರೆದರೆ ಆದೇಶಕ್ಕಾಗಿ ಕಾಯುವ ಗುರುತೂ ಬಾಲ, ಹೊಟ್ಟೆ, ಮೂತಿ ಇರುವ ಪುಟ್ಟ ಮೀನಿನ ಹಾಗೆಯೇ ಕಾಣುತ್ತದೆ. ಒಣ ಕೆಲಸದಲ್ಲಿ ಇಷ್ಟಾದರೂ ತಮಾಷೆ ಬೇಕಲ್ಲ. ಶೆಲ್ ಎಂದರೇನು ಎಂದು ಕೇಳುವವರಿಗೆ: ಮೌಸ್ ಇಲ್ಲದೆ ಕೀಲಿಮಣೆಯಲ್ಲಿ ಒಂದೊಂದೇ ಸಾಲು ಆದೇಶ ಕೊಟ್ಟು, ಒಂದೊಂದೇ ಉತ್ತರ ಪಡೆಯುವ ಏರ್ಪಾಡು. ಡೆಬಿಯನ್, ಉಬುಂಟುಗಳಲ್ಲಿ ಲಿಬ್‌ಗೆಸ್ಟ್‌ಎಫ್ಎಸ್-ಟೂಲ್ಸ್ ಎಂಬ ಹೆಸರಿನ ಪ್ಯಾಕೇಜ್ ಹಾಕಿಕೊಂಡರೆ ಇದು ಬರುತ್ತದೆ.

ಗೆಸ್ಟ್‌ಫಿಶ್ ಮಾಡುವ ಜಾಣತನ ಇಷ್ಟೇ. ಅದು ಇಮೇಜನ್ನು ತಾನು ಮುಟ್ಟುವುದಿಲ್ಲ. ಒಂದು ಪುಟಾಣಿ ಲಿನಕ್ಸ್ ವರ್ಚುವಲ್ ಮಷೀನನ್ನು ಹಿನ್ನೆಲೆಯಲ್ಲಿ ಎಬ್ಬಿಸಿ, ನಿಮ್ಮ ಇಮೇಜನ್ನು ಅದಕ್ಕೆ ಹೆಚ್ಚುವರಿ ಡಿಸ್ಕಾಗಿ ಸಿಕ್ಕಿಸಿ, ಓದುವ ಬರೆಯುವ ಕೆಲಸವನ್ನು ಅದರ ಕೈಯಲ್ಲಿ ಮಾಡಿಸುತ್ತದೆ. ಇಮೇಜಿನೊಳಗಿನ ಎಕ್ಸ್‌ಪಿ ಮಲಗಿದ್ದಲ್ಲೇ ಮಲಗಿರುತ್ತದೆ. ಕಿಡಿಗೇಡಿ ಕಡತ ವ್ಯವಸ್ಥೆ ಏನಾದರೂ ಎಡವಟ್ಟು ಮಾಡಿದರೂ ಬೀಳುವುದು ಆ ಪುಟಾಣಿ ಯಂತ್ರ, ನಿಮ್ಮದಲ್ಲ. ರೂಟ್ ಅಧಿಕಾರವೂ ಸಾಮಾನ್ಯವಾಗಿ ಬೇಕಿಲ್ಲ, ಇಮೇಜ್ ಕಡತವನ್ನು ಓದುವ ಅನುಮತಿ ಇದ್ದರಾಯಿತು. (ಉಬುಂಟುವಿನಲ್ಲಿ ಮಾತ್ರ ಬೂಟ್ ಫೋಲ್ಡರಿನ ಕರ್ನೆಲ್ ಕಡತವನ್ನು ಓದಲು ಸಾಮಾನ್ಯ ಬಳಕೆದಾರನಿಗೆ ಅನುಮತಿ ಇರುವುದಿಲ್ಲ. ಹಾಗಾಗಿ ಅಲ್ಲಿ ಸುಡೋ ಬಳಸಬೇಕಾಗಿ ಬರುತ್ತದೆ.)

ಸಂಘದ ಕಡತವನ್ನು ತೆರೆಯುವ ಆದೇಶ ಹೀಗೆ:

ಗೆಸ್ಟ್‌ಫಿಶ್ --ಆರ್‌ಓ --ಫಾರ್ಮ್ಯಾಟ್=ರಾ -ಎ ಸಂಘ.ಇಮ್ಗ್ -ಐ

ಆರ್‌ಓ ಎಂದರೆ ರೀಡ್ ಓನ್ಲಿ. ಓದುವುದಷ್ಟೇ, ಬರೆಯುವ ಹಾಗಿಲ್ಲ. ಈ ಎರಡು ಅಕ್ಷರಗಳನ್ನು ಬೆರಳಿಗೆ ಅಭ್ಯಾಸ ಮಾಡಿಸಿಬಿಡಿ. ಎ ಎಂಬುದು ಡಿಸ್ಕ್ ಸೇರಿಸು ಎಂಬುದಕ್ಕೆ. ಕೊನೆಯ ಐ ಎಂದರೆ ಒಳಗೆ ಯಾವ ಕಾರ್ಯಾಚರಣ ವ್ಯವಸ್ಥೆ ಇದೆ, ಯಾವ ಪಾರ್ಟಿಷನ್ ಎಲ್ಲಿಗೆ ಸೇರಬೇಕು ಎಂದು ನೀನೇ ಪರಿಶೀಲಿಸಿ ಜೋಡಿಸು ಎಂದು.

ಫಾರ್ಮ್ಯಾಟ್=ರಾ ಎಂದು ಬಿಡಿಸಿ ಹೇಳಿದ್ದೇಕೆ? ಇದು ಸ್ವಾರಸ್ಯದ ವಿಷಯ. ಜಾತಿ ಹೇಳದಿದ್ದರೆ ತಂತ್ರಾಂಶವು ಕಡತದ ಮೊದಲ ಕೆಲವು ಬೈಟ್ ನೋಡಿ ತಾನೇ ಊಹಿಸುತ್ತದೆ. ಹಸಿ ಡಿಸ್ಕಿನ ಮೊದಲ ಬೈಟುಗಳನ್ನು ಬರೆಯುವವರು ಯಾರು? ಒಳಗಿರುವ ಅತಿಥಿ! ಕಿಡಿಗೇಡಿ ಅತಿಥಿಯೊಬ್ಬ ತನ್ನ ಡಿಸ್ಕಿನ ತಲೆಯಲ್ಲಿ "ನಾನು ಕ್ಯೂಕೌ2, ನನ್ನ ತಳಪಾಯ ಆತಿಥೇಯನ ಪಾಸ್‌ವರ್ಡ್ ಕಡತದಲ್ಲಿದೆ" ಎಂದು ಬರೆದಿಟ್ಟರೆ, ಊಹೆಯನ್ನು ನಂಬಿದ ತಂತ್ರಾಂಶ ಆತಿಥೇಯನ ಗುಟ್ಟನ್ನು ತಂದು ಅತಿಥಿಯ ಕೈಗೆ ಕೊಡುತ್ತದೆ. ಆದ್ದರಿಂದ ನಿಮಗೆ ಜಾತಿ ಗೊತ್ತಿದ್ದಾಗ ಹೇಳಿಬಿಡುವುದೇ ಕ್ಷೇಮ. ಅಪರಿಚಿತರಿಂದ ಬಂದ ಇಮೇಜಿನಲ್ಲಂತೂ ಇದನ್ನು ಬಿಡಲೇಬೇಡಿ.

ಕೆಲವು ಸೆಕೆಂಡುಗಳಲ್ಲಿ ಮೀನು ಕಾಣಿಸಿಕೊಳ್ಳುತ್ತದೆ. ಎಲ್ಎಲ್ ಎಂದು ಬರೆದು ಒಂದು ಖಾಲಿ ಜಾಗ ಬಿಟ್ಟು ಓರೆಗೆರೆ ಹಾಕಿದರೆ ಸಿ ಡ್ರೈವಿನ ಫೋಲ್ಡರುಗಳ ಪಟ್ಟಿ ಕಣ್ಣ ಮುಂದೆ! ಎಕ್ಸ್‌ಪಿಯಲ್ಲಿ ಬಳಕೆದಾರರ ಕಾಗದಪತ್ರಗಳು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಎಂಬ ಫೋಲ್ಡರಿನಲ್ಲಿರುತ್ತವೆ. ಡೆಸ್ಕ್‌ಟಾಪಿನ ಮೇಲೆ ರಾಶಿ ಹಾಕಿದ್ದೂ ಅದರೊಳಗೇ ಬರುತ್ತದೆ. ಆದರೆ ನಮ್ಮವರು ಡಿ ಡ್ರೈವಿನಲ್ಲೋ ಸಿ ಡ್ರೈವಿನ ಬುಡದಲ್ಲೋ ತಮಗೆ ತೋಚಿದ ಹೆಸರಿನ ಫೋಲ್ಡರ್ ಮಾಡಿಟ್ಟಿರುವುದೇ ಹೆಚ್ಚು. ಆಗ ಹುಡುಕಬೇಕು:

ಫೈಂಡ್ / | ಗ್ರೆಪ್ -ಐ ಡಾಕ್

ನಡುವಿನ ನಿಲುವು ಗೆರೆಯ ಎಡಕ್ಕಿರುವುದನ್ನು ಗೆಸ್ಟ್‌ಫಿಶ್ ನಡೆಸುತ್ತದೆ, ಬಲಕ್ಕಿರುವುದನ್ನು ನಿಮ್ಮ ಯಂತ್ರವೇ ನಡೆಸುತ್ತದೆ. ಒಳಗಿನ ಪಟ್ಟಿಯನ್ನು ಹೊರಗಿನ ಜರಡಿಯಲ್ಲಿ ಜಾಲಿಸಿದ ಹಾಗೆ. ಡಿ ಡ್ರೈವ್ ಕಾಣದಿದ್ದರೆ ಲಿಸ್ಟ್-ಫೈಲ್‌ಸಿಸ್ಟಮ್ಸ್ ಎಂದು ಕೇಳಿ. ಇರುವ ಪಾರ್ಟಿಷನ್ನುಗಳ ಹೆಸರು ಬರುತ್ತದೆ, ಬೇಕಾದ್ದನ್ನು ಮೌಂಟ್-ಆರ್‌ಓ ಆದೇಶದಿಂದ ಜೋಡಿಸಿಕೊಳ್ಳಬಹುದು. ಒಂದು ಎಚ್ಚರಿಕೆ: ವಿಂಡೋಸಿಗೆ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ, ಇಲ್ಲಿ ಇದೆ. ಪಟ್ಟಿಯಲ್ಲಿ ಕಂಡ ಹಾಗೆಯೇ ಟೈಪ್ ಮಾಡಿ. ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ.

ಹೊರಗೆ ತರುವ ಆದೇಶ ಕಾಪಿ-ಔಟ್. ಮೊದಲು ಒಳಗಿನ ಫೋಲ್ಡರಿನ ಹೆಸರು, ಆಮೇಲೆ ನಿಮ್ಮ ಯಂತ್ರದಲ್ಲಿ ಎಲ್ಲಿಗೆ ಬರಬೇಕೆಂಬ ಜಾಗ. ಒಳಗಿನ ಉಪಫೋಲ್ಡರುಗಳೆಲ್ಲ ಸಾಲಾಗಿ ಬಂದು ಕೂರುತ್ತವೆ.

ಇಲ್ಲಿ ಕನ್ನಡಿಗರು ಮರೆಯಬಾರದ ಒಂದು ಸಂಗತಿಯಿದೆ. ಆ ಕಾಲದ ನುಡಿ, ಬರಹ ಕಡತಗಳಲ್ಲಿ ಬಹಳಷ್ಟು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳ ಮೇಲೆ ಅವು ನಿಂತಿವೆ. ಕಡತವನ್ನು ಮಾತ್ರ ತಂದು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪರದೇಶಿ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. "ಅಯ್ಯೋ, ಕಡತ ಕೆಟ್ಟುಹೋಗಿದೆ" ಎಂದು ಅಳಿಸಿ ಹಾಕಿದವರೂ ಇದ್ದಾರೆ. ಕೆಟ್ಟಿರುವುದಿಲ್ಲ, ಫಾಂಟ್ ಇಲ್ಲ ಅಷ್ಟೇ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಇದೇ ಕಾಪಿ-ಔಟ್ ಆದೇಶದಿಂದ ಹೊರತನ್ನಿ. ಆ ಫಾಂಟ್ ಹಾಕಿಕೊಂಡರೆ ಲೇಖನ ಓದಲು ಬರುತ್ತದೆ, ಆಮೇಲೆ ಪರಿವರ್ತಕ ತಂತ್ರಾಂಶಗಳ ಮೂಲಕ ಯೂನಿಕೋಡಿಗೆ ತಂದುಕೊಳ್ಳಬಹುದು. ಯಾವ ಫಾಂಟಿನಲ್ಲಿ ಬರೆದದ್ದೆಂಬುದು ಗೊತ್ತಿಲ್ಲದೆ ಪರಿವರ್ತಕಕ್ಕೆ ಕೊಟ್ಟರೆ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಆದ್ದರಿಂದ ಮೂಲ ಫಾಂಟ್ ಕೈಯಲ್ಲಿರುವುದು ಕಡತದಷ್ಟೇ ಮುಖ್ಯ.

ಕೆಲಸ ಮುಗಿದ ಮೇಲೆ ಎಕ್ಸಿಟ್. ಈಗ ಆ 40 ಜಿಬಿಯ ಹಸಿ ಕಡತವನ್ನು ಹಾಗೇ ಇಟ್ಟುಕೊಳ್ಳಬೇಕೇ? ಬೇಕಿಲ್ಲ. ಕ್ಯೂಎಮು-ಇಮ್ಗ್ ಕನ್ವರ್ಟ್ ಎಂಬ ಆದೇಶದಿಂದ ಕ್ಯೂಕೌ2 ಮಾಡಿಕೊಂಡರೆ ಸೊನ್ನೆಗಳಿರುವ ಖಾಲಿ ಭಾಗ ಬಿಟ್ಟುಹೋಗುತ್ತದೆ. ಜೊತೆಗೆ -ಸಿ ಎಂದರೆ ಉಳಿದದ್ದನ್ನು ಒತ್ತಿ ಸಣ್ಣದು ಮಾಡುತ್ತದೆ. ವಿಂಡೋಸಿನಲ್ಲಿ ಅಳಿಸಿದ ಕಡತಗಳ ಅವಶೇಷ ಡಿಸ್ಕಿನಲ್ಲೇ ಉಳಿದಿರುವುದರಿಂದ ನಿರೀಕ್ಷಿಸಿದಷ್ಟು ಸಣ್ಣದಾಗದೇ ಇರಬಹುದು. ಆಗ ವರ್ಟ್-ಸ್ಪಾರ್ಸಿಫೈ ಎಂಬ ಜೊತೆಗಾರ ಉಪಕರಣ ನೆರವಾಗುತ್ತದೆ. ಹಳೆಯದನ್ನು ಅಳಿಸುವ ಆತುರ ಮಾತ್ರ ಬೇಡ. ಕ್ಯೂಎಮು-ಇಮ್ಗ್ ಕಂಪೇರ್ ಎಂದು ಹಸಿ ಕಡತದ ಹೆಸರನ್ನೂ ಕನ್ವರ್ಟ್ ಮಾಡಿದ ಕಡತದ ಹೆಸರನ್ನೂ ಕೊಟ್ಟರೆ ಅತಿಥಿಯ ಕಣ್ಣಿಗೆ ಎರಡೂ ಒಂದೇ ಹೌದೋ ಅಲ್ಲವೋ ಎಂದು ತೂಗಿ ಹೇಳುತ್ತದೆ. ಒಂದೇ ಎಂಬ ಉತ್ತರ ಬಂದ ಮೇಲೆ ಹಳೆಯದನ್ನು ಬೀಳ್ಕೊಡಿ. ಸ್ಪಾರ್ಸಿಫೈ ಮಾಡಿದ ಪ್ರತಿಗೆ ಈ ತೂಕ ಹೊಂದುವುದಿಲ್ಲ, ಅದು ಅವಶೇಷಗಳನ್ನು ಬೇಕೆಂದೇ ಅಳಿಸಿರುತ್ತದಲ್ಲ.

ಇಷ್ಟು ಹೊತ್ತು ಓದುವ ಮಾತಾಯಿತು. ಬರೆಯುವುದು ಬೇರೆಯೇ ಆಟ. ಸರ್ವರ್ ನೋಡಿಕೊಳ್ಳುವ ಮಿತ್ರರಿಗೆ ಪರಿಚಿತವಾದ ಸಂಕಟವೊಂದನ್ನು ತೆಗೆದುಕೊಳ್ಳಿ. ಲಿನಕ್ಸ್ ವರ್ಚುವಲ್ ಮಷೀನಿಗೆ ಯಾರೋ ಹೆಚ್ಚುವರಿ ಡಿಸ್ಕ್ ಹಾಕಿ, ಇಟಿಸಿ ಫೋಲ್ಡರಿನ ಎಫ್ಎಸ್‌ಟ್ಯಾಬ್ ಕಡತದಲ್ಲಿ ಅದಕ್ಕೊಂದು ಸಾಲು ಬರೆದರು. ಆರು ತಿಂಗಳ ಮೇಲೆ ಇನ್ಯಾರೋ ಡಿಸ್ಕ್ ತೆಗೆದರು, ಸಾಲು ತೆಗೆಯಲಿಲ್ಲ. ಮುಂದಿನ ಸಲ ಯಂತ್ರ ಏಳುವಾಗ ಇಲ್ಲದ ಡಿಸ್ಕಿಗಾಗಿ 90 ಸೆಕೆಂಡು ಕಾದು, ಬೇಸತ್ತು, ಎಮರ್ಜೆನ್ಸಿ ಮೋಡ್ ಎಂದು ನಿಂತುಬಿಡುತ್ತದೆ. ರೂಟ್ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಹೊಸದಾಗಿ ಸರ್ವರ್ ಕಟ್ಟೋಣವೆಂದು ಕೆಲವರು ಹೊರಡುತ್ತಾರೆ. ಬೇಡ! ಒಂದು ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದರೆ ಮುಗಿಯುವ ಕೆಲಸವಿದು.

ಯಂತ್ರವನ್ನು ಪೂರ್ತಿ ನಿಲ್ಲಿಸಿ. ವರ್ಶ್ ಲಿಸ್ಟ್ --ಆಲ್ ಎಂದು ಕೇಳಿ, ಅದು ಶಟ್ ಆಫ್ ಆಗಿದೆಯೆಂದು ಕಣ್ಣಾರೆ ನೋಡಿ. ಇಮೇಜಿನ ಒಂದು ನಕಲು ಪಕ್ಕಕ್ಕಿಡಿ. ಆಮೇಲೆ ಆರ್‌ಓ ಜಾಗದಲ್ಲಿ ಆರ್‌ಡಬ್ಲ್ಯೂ ಎಂದು ಕೊಟ್ಟು ಗೆಸ್ಟ್‌ಫಿಶ್ ತೆರೆಯಿರಿ. ಸಿಪಿ ಆದೇಶದಿಂದ ಎಫ್ಎಸ್‌ಟ್ಯಾಬಿನ ಹಳೆಯ ಪ್ರತಿಯನ್ನು ಬೇರೆ ಹೆಸರಲ್ಲಿ ಒಳಗೇ ಇಟ್ಟು, ವಿಐ ಎಂದು ಕಡತ ತೆರೆದು ತಿದ್ದಿ, ಹೊರಬನ್ನಿ. ಡಿಸ್ಕ್ ಆಗಾಗ ಬಂದು ಹೋಗುವಂಥದ್ದಾದರೆ ಸಾಲನ್ನು ತೆಗೆಯುವ ಬದಲು ಅದಕ್ಕೆ ನೋಫೇಲ್ ಎಂಬ ಆಯ್ಕೆ ಸೇರಿಸಿ, ಡಿಸ್ಕ್ ಇಲ್ಲದಿದ್ದರೂ ಯಂತ್ರ ಮುನಿಸಿಕೊಳ್ಳದೆ ಏಳುತ್ತದೆ.

ಪೂರ್ತಿ ನಿಲ್ಲಿಸಿ ಎಂದು ಒತ್ತಿ ಹೇಳಲು ಕಾರಣವಿದೆ. ನಡೆಯುತ್ತಿರುವ ಯಂತ್ರದ ಡಿಸ್ಕಿನ ಚಿತ್ರ ಅದರ ಸ್ಮೃತಿಯಲ್ಲೂ ಒಂದಿಷ್ಟು ಇರುತ್ತದೆ. ಒಂದೇ ಲೆಕ್ಕದ ಪುಸ್ತಕದಲ್ಲಿ ಒಬ್ಬರಿಗೊಬ್ಬರು ಕಾಣದಂತೆ ಇಬ್ಬರು ಗುಮಾಸ್ತರು ಬರೆದರೆ ಏನಾದೀತು? ಯಾವ ಜಾಗ ಖಾಲಿ, ಯಾವುದು ತುಂಬಿದೆ ಎಂಬ ಲೆಕ್ಕವೇ ತಪ್ಪಿ ಇಡೀ ಕಡತ ವ್ಯವಸ್ಥೆ ಹಾಳಾಗುತ್ತದೆ. ಅದೂ ತಕ್ಷಣ ಗೊತ್ತಾಗುವುದಿಲ್ಲ, ವಾರ ಕಳೆದ ಮೇಲೆ ಡೇಟಾಬೇಸ್ ಮುರಿದು ಬಿದ್ದಾಗಲೇ ತಿಳಿಯುವುದು. ಕ್ಯೂಎಮು 2017ರ ತನ್ನ 2.10 ಆವೃತ್ತಿಯಿಂದ ಇಮೇಜುಗಳಿಗೆ ಬೀಗ ಹಾಕುತ್ತದೆ, ನಿಜ. ಗೆಸ್ಟ್‌ಫಿಶ್ ಕೂಡ ಇಮೇಜಿನ ಬದಲು -ಡಿ ಎಂದು ಯಂತ್ರದ ಹೆಸರನ್ನೇ ಕೊಟ್ಟರೆ, ಅದು ನಡೆಯುತ್ತಿದ್ದಾಗ ಬರೆಯಲು ಒಪ್ಪುವುದಿಲ್ಲ. ಈ ಬೀಗಗಳು ಒಳ್ಳೆಯವೇ. ಆದರೆ ಬೀಗವಿದೆಯೆಂದು ನೋಡದೆ ತಳ್ಳುವುದು ಬೇಡ.

ಗಾತ್ರ ಬದಲಿಸುವಾಗಲೂ ಇದೇ ಎಚ್ಚರ. ಕ್ಯೂಎಮು-ಇಮ್ಗ್ ರೀಸೈಜ್ ಎಂದು 10 ಜಿಬಿ ಹೆಚ್ಚಿಸಿದರೆ ಹಿತ್ತಲು ದೊಡ್ಡದಾಯಿತೇ ಹೊರತು ಮನೆಯಲ್ಲ. ಒಳಗಿನ ಪಾರ್ಟಿಷನ್, ಕಡತ ವ್ಯವಸ್ಥೆಗಳನ್ನು ಬೇರೆಯಾಗಿ ಹಿಗ್ಗಿಸಬೇಕು. ಚಿಕ್ಕದು ಮಾಡುವುದಂತೂ ಒಳಗಿನದನ್ನು ಮೊದಲು ಕುಗ್ಗಿಸದಿದ್ದರೆ ಬಾಲ ಕತ್ತರಿಸಿದ ಹಾಗೆ, ಬಾಲದಲ್ಲಿದ್ದ ಕಡತಗಳು ಹೋಗುತ್ತವೆ.

ಕಂಪ್ಯೂಟರ್ ತರಗತಿ ನಡೆಸುವವರಿಗೆ ಒಂದು ಉಪಯುಕ್ತ ಸೌಲಭ್ಯವನ್ನು ಹೇಳದೆ ಬಿಡಲಾಗದು. ಹತ್ತು ವಿದ್ಯಾರ್ಥಿಗಳಿಗೆ ಹತ್ತು ಪೂರ್ತಿ ಇಮೇಜ್ ಬೇಕಿಲ್ಲ. ಒಂದು ಮೂಲ ಇಮೇಜ್ ಇಟ್ಟು, ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸಿದಂತೆ ಹತ್ತು ತೆಳು ಕ್ಯೂಕೌ2 ಕಡತಗಳನ್ನು ಮಾಡಬಹುದು. ವಿದ್ಯಾರ್ಥಿ ಗೀಚಿದ್ದೆಲ್ಲ ಮೇಲಿನ ಹಾಳೆಗೇ ಹೋಗುತ್ತದೆ. ಕೆಟ್ಟರೆ ಹಾಳೆ ಕಿತ್ತು ಹೊಸದು ಹಾಸಿ. ಸೃಷ್ಟಿಸುವಾಗ -ಬಿ ಎಂದು ಮೂಲದ ಹೆಸರನ್ನೂ, ದೊಡ್ಡಕ್ಷರದ -ಎಫ್ ಎಂದು ಮೂಲದ ಜಾತಿಯನ್ನೂ ಕೊಡಬೇಕು. 2021ರ 6.1 ಆವೃತ್ತಿಯಿಂದ ಜಾತಿ ಹೇಳುವುದು ಕಡ್ಡಾಯ, ಕಾರಣ ಮೇಲೆ ಕಂಡ ಆ ಕಿಡಿಗೇಡಿ ಅತಿಥಿಯೇ. ಮೂಲ ಇಮೇಜನ್ನು ಮಾತ್ರ ಆಮೇಲೆ ಯಾರೂ ಮುಟ್ಟಕೂಡದು. ಕೆಳಗಿನ ಚಿತ್ರ ಬದಲಾದರೆ ಮೇಲಿನ ಹತ್ತೂ ಹಾಳೆಗಳ ಗೆರೆಗಳು ಎಲ್ಲಿಗೂ ಹೊಂದುವುದಿಲ್ಲ. ಆ ಕಡತದ ಬರೆಯುವ ಅನುಮತಿಯನ್ನೇ ತೆಗೆದುಬಿಡುವುದು ಮೇಲು.

ಕೊನೆಯದಾಗಿ ಒಂದು ವಿಷಯವನ್ನು ಗಮನಿಸಿದಿರಾ? ಇಷ್ಟೆಲ್ಲ ಮಾಡುವಾಗ ಎಕ್ಸ್‌ಪಿಯ ಪಾಸ್‌ವರ್ಡನ್ನು ಯಾರೂ ಕೇಳಲೇ ಇಲ್ಲ. ಪಾಸ್‌ವರ್ಡ್ ಕೇಳುವುದು ಎಚ್ಚರವಿರುವ ವಿಂಡೋಸ್. ಮಲಗಿರುವ ಡಿಸ್ಕಿಗೆ, ಅದನ್ನು ಗುಪ್ತಲಿಪಿಯಲ್ಲಿ ಇಡದೇ ಇದ್ದರೆ, ಕಾವಲುಗಾರನೇ ಇಲ್ಲ. ನಿಮಗೆ ಎಷ್ಟು ಸುಲಭವೋ ಆ ಕಡತ ಸಿಕ್ಕ ಪ್ರತಿಯೊಬ್ಬರಿಗೂ ಅಷ್ಟೇ ಸುಲಭ. ಸಂಘದ ಇಮೇಜಿನಲ್ಲಿ ಲೇಖನಗಳ ಜೊತೆಗೆ ಸದಸ್ಯರ ಮನೆ ವಿಳಾಸ, ಫೋನ್ ಸಂಖ್ಯೆ, ಚಂದಾ ಲೆಕ್ಕ, ಯಾರೋ ಉಳಿಸಿಟ್ಟ ಬ್ಯಾಂಕಿನ ಕಾಗದ ಎಲ್ಲವೂ ಇರುತ್ತದೆ. "ಬೆಳ್ಳಿಹಬ್ಬದ ಸಂಚಿಕೆಗೆ ಬೇಕು, ಇಮೇಜನ್ನೇ ಕಳಿಸಿಬಿಡಿ" ಎಂದು ಯಾರಾದರೂ ಕೇಳಿದರೆ ಕಳಿಸಬೇಡಿ. ಬೇಕಾದ ಫೋಲ್ಡರನ್ನು ಕಾಪಿ-ಔಟ್ ಮಾಡಿ ಅದನ್ನಷ್ಟೇ ಕೊಡಿ. ಮೂಲ ಇಮೇಜನ್ನು ಗುಪ್ತಲಿಪಿಯ ಡ್ರೈವಿನಲ್ಲಿಟ್ಟು, ಕೀಲಿ ಯಾರ ಬಳಿ ಇದೆಯೆಂದು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಕಾರ್ಯದರ್ಶಿಗಳು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ.